ಶ್ರೀಲಂಕೆಯ ತಂಗುದಾಣಗಳು: ಪ್ರವಾಸಿಯು ತಿಳಿದಿರಬೇಕಾದ ಕೆಲವು ಸಂಗತಿಗಳು

ಪರದೇಶಕ್ಕೆ ಹೊರಡುವವನು ವಸತಿಯ ವಿಚಾರದಲ್ಲಿ ಕೇಳುವ ಪ್ರಶ್ನೆಗಳು ಎಲ್ಲೆಡೆಯೂ ಹೆಚ್ಚು ಕಡಮೆ ಒಂದೇ ಬಗೆಯವು: ಬಾಡಿಗೆ ಎಷ್ಟು, ಕೋಣೆಯಲ್ಲಿ ಎಷ್ಟು ಮಂಚಗಳಿವೆ, ಸ್ನಾನದ ಮನೆ ಕೋಣೆಗೆ ಸೇರಿಕೊಂಡಿದೆಯೆ, ಹವಾನಿಯಂತ್ರಣ ಉಂಟೆ. ಸಮಶೀತೋಷ್ಣ ನಾಡುಗಳಲ್ಲಿ ಇಷ್ಟು ಕೇಳಿದರೆ ಬಹುಮಟ್ಟಿಗೆ ಸಾಕಾಗುತ್ತದೆ. ಉಷ್ಣವಲಯದಲ್ಲಿ ಸಾಲದು. ಅಲ್ಲಿ ಕೋಣೆಯು ಯಾವ ದಿಕ್ಕಿಗೆ ತೆರೆದಿದೆ, ಗಾಳಿಗೆ ಒಳಬರುವ ದಾರಿಯಿರುವಂತೆ ಹೊರಹೋಗುವ ದಾರಿಯೂ ಇದೆಯೆ, ಆ ತಿಂಗಳಲ್ಲಿ ಮಳೆಯು ಬೆಟ್ಟದ ಯಾವ ಮಗ್ಗುಲಿಗೆ ಸುರಿಯುತ್ತದೆ, ಮನೆಯ ಸುತ್ತ ನೀರು ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆಗಳು ಬಾಡಿಗೆಯ ಪ್ರಶ್ನೆಗಿಂತ ಮೊದಲು ಬರಬೇಕು. ರಾತ್ರಿಯ ನಿದ್ದೆಯಷ್ಟೇ ಅಲ್ಲ, ಕೆಲವು ವೇಳೆ ಪ್ರಾಣವೂ ಇವುಗಳ ಉತ್ತರವನ್ನು ಅವಲಂಬಿಸಿರುತ್ತದೆ.

ಈ ಮಾತನ್ನು ವಿಶದಪಡಿಸಲು ನಾವು ಶ್ರೀಲಂಕೆಯನ್ನು ಆರಿಸಿಕೊಂಡಿದ್ದೇವೆ. ನಮ್ಮ ಕಾಲೇಜುಗಳ ಅಧ್ಯಯನ ಪ್ರವಾಸಗಳಿಗೆ ಅದು ಅತ್ಯಂತ ಸಮೀಪದ ಪರರಾಷ್ಟ್ರಗಳಲ್ಲಿ ಒಂದು ಎಂಬುದು ಒಂದು ಕಾರಣ. ಕರ್ನಾಟಕದ ಮೂರನೆಯ ಒಂದು ಪಾಲಿಗಿಂತ ತುಸುವೇ ದೊಡ್ಡದಾದ, ೬೫,೬೧೦ ಚದರ ಕಿಲೋಮೀಟರು ವಿಸ್ತೀರ್ಣದ ಆ ದ್ವೀಪದಲ್ಲಿ ಕಡಲ ತೀರ, ಮಳೆಗಾಡು, ಒಣ ಬಯಲು, ಶೀತಲವಾದ ಎತ್ತರದ ಬೆಟ್ಟ ಇವೆಲ್ಲವೂ ಒಂದೇ ದಿನದ ಪ್ರಯಾಣದಲ್ಲಿ ಎದುರಾಗುತ್ತವೆ ಎಂಬುದು ಇನ್ನೊಂದು ಕಾರಣ. ಎಲ್ಲಕ್ಕೂ ಮಿಗಿಲಾಗಿ, ದಾರಿಹೋಕನಿಗೆ ನೆಳಲು ಕೊಡುವ ವ್ಯವಸ್ಥೆಯು ಅಲ್ಲಿ ಶತಮಾನಗಳಿಂದ ಬೆಳೆದುಬಂದಿದ್ದು, ಅದರ ಪ್ರತಿಯೊಂದು ಹಂತದ ಕಟ್ಟಡವೂ ಇಂದಿಗೂ ಅಲ್ಲಲ್ಲಿ ಉಳಿದಿದೆ. ಈ ಹಳೆಯ ಮನೆಗಳು ಆ ನಾಡಿನ ವಾಯುಗುಣವನ್ನು ಅರಿತು ಕಟ್ಟಿದವು. ಇಂದಿನ ವಸತಿಗೃಹಗಳಲ್ಲಿ ಹಲವು ಆ ಅರಿವನ್ನು ವಿದ್ಯುತ್ತಿಗೆ ಒಪ್ಪಿಸಿ ಮರೆತುಬಿಟ್ಟಿವೆ. ಪ್ರವಾಸಿಯಾದವನು ಈ ವ್ಯತ್ಯಾಸವನ್ನು ಗುರುತಿಸಲು ಕಲಿತರೆ ಮಿಕ್ಕ ವಿಚಾರಗಳು ತಾವಾಗಿಯೇ ತಿಳಿಯಾಗುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ವಾಯುಗುಣದ ಸಂಗತಿ. ದ್ವೀಪವು ವಿಷುವದ್ವೃತ್ತಕ್ಕೆ ಉತ್ತರದಲ್ಲಿ ಸುಮಾರು ೬ ರಿಂದ ೧೦ ಡಿಗ್ರಿ ಅಕ್ಷಾಂಶಗಳ ನಡುವೆ ಇದೆ. ಆದಕಾರಣ ಅಲ್ಲಿ ಬೇಸಗೆ, ಚಳಿಗಾಲ ಎಂಬ ಭೇದ ಬಹುಮಟ್ಟಿಗೆ ಇಲ್ಲ. ಕೊಲಂಬೊ ನಗರದ ಸರಾಸರಿ ಉಷ್ಣತೆ ಸುಮಾರು ೨೭ ಡಿಗ್ರಿ ಸೆಲ್ಸಿಯಸ್. ಅತ್ಯಂತ ತಂಪಾದ ತಿಂಗಳಿಗೂ ಅತ್ಯಂತ ಸೆಕೆಯ ತಿಂಗಳಿಗೂ ಅಂತರ ಎರಡು ಡಿಗ್ರಿಯ ಆಸುಪಾಸು ಮಾತ್ರ. ಹಗಲಿಗೂ ಇರುಳಿಗೂ ಇರುವ ಅಂತರವೇ ಇದಕ್ಕಿಂತ ಹೆಚ್ಚು. ಋತುಗಳನ್ನು ಅಲ್ಲಿ ವಿಂಗಡಿಸುವುದು ಉಷ್ಣತೆಯಲ್ಲ, ಗಾಳಿ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತ, ಡಿಸೆಂಬರಿನಿಂದ ಫೆಬ್ರವರಿಯವರೆಗೆ ಈಶಾನ್ಯ ಮಾರುತ. ಇವೆರಡರ ನಡುವಣ ಸಂಧಿಕಾಲಗಳಲ್ಲಿ, ಅಂದರೆ ಮಾರ್ಚ್–ಏಪ್ರಿಲಿನಲ್ಲಿಯೂ ಅಕ್ಟೋಬರ್–ನವೆಂಬರಿನಲ್ಲಿಯೂ, ಮಧ್ಯಾಹ್ನದ ಮೇಲೆ ಗುಡುಗು ಮಳೆ. ಎರಡನೆಯ ಸಂಧಿಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳ ಹಾವಳಿಯೂ ಸೇರಿಕೊಳ್ಳುತ್ತದೆ.

ನಡುನಾಡಿನ ಬೆಟ್ಟಗಳು ಈ ಎರಡು ಮಾರುತಗಳಿಗೂ ಅಡ್ಡಲಾಗಿ ನಿಂತಿವೆ. ನೈಋತ್ಯ ಮಾರುತದ ಕಾಲದಲ್ಲಿ ಪಶ್ಚಿಮದ ಇಳಿಜಾರುಗಳ ಮೇಲೆ ಮಳೆ ಸುರಿಯುತ್ತದೆ. ಅಲ್ಲಿಯ ಕೆಲವು ಊರುಗಳಲ್ಲಿ ವಾರ್ಷಿಕ ಮಳೆ ೫,೦೦೦ ಮಿಲಿಮೀಟರನ್ನು ಮೀರುತ್ತದೆ. ಅದೇ ವೇಳೆಯಲ್ಲಿ ಪೂರ್ವದ ಬಯಲಿಗೆ ಇಳಿಯುವ ಗಾಳಿಯು ತೇವವನ್ನೆಲ್ಲ ಕಳೆದುಕೊಂಡು, ಬಿಸಿಯಾಗಿ, ಒಣಗಿ ಬೀಸುತ್ತದೆ. ಬಟ್ಟಿಕಲೋವದ ಕಡೆ ಈ ಗಾಳಿಗೆ ‘ಕಚ್ಚಾನ್’ ಎಂಬ ಹೆಸರಿದೆ. ನಮ್ಮ ಮಲೆನಾಡಿಗೂ ಬಯಲುಸೀಮೆಗೂ ಇರುವ ಭೇದವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿನಲ್ಲಿಡಬೇಕು: ಲಂಕೆಯ ಒಣ ಮಗ್ಗುಲು ತನ್ನ ಸರದಿಗಾಗಿ ಕಾದಿದ್ದು, ವರ್ಷಾಂತ್ಯದಲ್ಲಿ ಈಶಾನ್ಯ ಮಾರುತದಿಂದ ಮಳೆಯನ್ನು ಪಡೆಯುತ್ತದೆ. ಆದುದರಿಂದ ‘ಲಂಕೆಗೆ ಹೋಗಲು ಒಳ್ಳೆಯ ಕಾಲ ಯಾವುದು’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಯಾವ ತಿಂಗಳಲ್ಲಿ ಯಾವ ಮಗ್ಗುಲು ಎಂದು ಕೇಳಬೇಕು. ಬೆಂತೋಟ, ಹಿಕ್ಕಡುವ, ಗಾಲೆಗಳ ಕಡಲ ತೀರ ಡಿಸೆಂಬರಿನಿಂದ ಮಾರ್ಚಿಯವರೆಗೆ ಪ್ರಶಾಂತವಾಗಿರುತ್ತದೆ. ಜೂನಿನಲ್ಲಿ ಅಲ್ಲಿ ಅಲೆಗಳು ರುದ್ರವಾಗಿ, ಈಜುವುದು ಅಪಾಯಕರವಾಗುತ್ತದೆ. ಆಗ ತ್ರಿಕೋಣಮಲೆ, ಅರುಗಂ ಕೊಲ್ಲಿಗಳಲ್ಲಿ ಕಡಲು ತಿಳಿಯಾಗಿರುತ್ತದೆ. ಬಾಡಿಗೆಯೂ ಇದಕ್ಕನುಸಾರವಾಗಿ ಏರಿಳಿಯುತ್ತದೆ. ಅಕಾಲದಲ್ಲಿ ಅರ್ಧ ಬಾಡಿಗೆಗೆ ಕೋಣೆ ದೊರೆಯಿತೆಂದು ಹಿಗ್ಗುವವರು, ಆ ಅರ್ಧವು ಏತಕ್ಕಾಗಿ ಬಿಟ್ಟುಕೊಟ್ಟದ್ದು ಎಂಬುದನ್ನು ಮೊದಲೇ ವಿಚಾರಿಸುವುದು ಲೇಸು.

ಇನ್ನು ಕೋಣೆಯ ವಿಚಾರ. ಕರಾವಳಿಯಲ್ಲಿ ಮೈಗೆ ಹಿಂಸೆಯಾಗುವುದು ಉಷ್ಣತೆಯಿಂದಲ್ಲ, ಉಷ್ಣತೆಯೊಡನೆ ಕೂಡಿದ ತೇವದಿಂದ. ಗಾಳಿಯಲ್ಲಿ ಆರ್ದ್ರತೆ ತುಂಬಿರುವಾಗ ಬೆವರು ಆವಿಯಾಗದೆ ಮೈಮೇಲೆಯೇ ನಿಲ್ಲುತ್ತದೆ. ಆವಿಯಾಗದ ಬೆವರಿನಿಂದ ದೇಹ ತಣಿಯುವುದಿಲ್ಲ. ಮೈಯನ್ನು ಸೋಕಿ ಹೋಗುವ ಗಾಳಿಯೊಂದೇ ಇದಕ್ಕೆ ಸಹಜವಾದ ಪರಿಹಾರ. ಸೆಕೆಂಡಿಗೆ ಒಂದು ಮೀಟರಿನಷ್ಟು ಮಂದವಾದ ಗಾಳಿಯೂ ಉಷ್ಣತೆಯು ಎರಡು ಮೂರು ಡಿಗ್ರಿ ಇಳಿದಂತಹ ಅನುಭವವನ್ನು ಕೊಡುತ್ತದೆ. ಆದರೆ ಒಂದೇ ಕಿಟಕಿಯ ಕೋಣೆಗೆ ಗಾಳಿ ಬರುವುದಿಲ್ಲ. ಆ ಕಿಟಕಿ ಎಷ್ಟೇ ದೊಡ್ಡದಿರಲಿ, ಎದುರು ಗೋಡೆಯಲ್ಲಿ ಹೊರದಾರಿಯಿಲ್ಲದಿದ್ದರೆ ಗಾಳಿಯು ಹೊಸ್ತಿಲಿನಲ್ಲಿಯೇ ನಿಂತುಬಿಡುತ್ತದೆ. ಹಳೆಯ ಮನೆಗಳಲ್ಲಿ ಬಾಗಿಲ ಮೇಲೆ ಕೊರೆದ ಮರದ ಜಾಲಂದ್ರಗಳಿರುವುದು ಅಲಂಕಾರಕ್ಕಾಗಿ ಅಲ್ಲ; ಬಾಗಿಲು ಮುಚ್ಚಿದ ಮೇಲೂ ಬಿಸಿಗಾಳಿಗೆ ಮೇಲಿನಿಂದ ಹೊರಬೀಳಲು ಎಡೆಯಿರಲಿ ಎಂಬುದಕ್ಕಾಗಿ.

ಸೂರ್ಯನ ಗತಿಯೂ ಇಲ್ಲಿ ಗಮನಿಸತಕ್ಕದ್ದು. ಕೊಲಂಬೊದಲ್ಲಿ ಏಪ್ರಿಲ್ ತಿಂಗಳ ಆರಂಭದಲ್ಲೊಮ್ಮೆ, ಸೆಪ್ಟೆಂಬರಿನ ಆರಂಭದಲ್ಲೊಮ್ಮೆ ಸೂರ್ಯನು ನಟ್ಟನಡುನೆತ್ತಿಗೆ ಬರುತ್ತಾನೆ. ವರ್ಷದ ಉಳಿದ ಕಾಲದಲ್ಲಿಯೂ ನೆತ್ತಿಯಿಂದ ಬಹು ದೂರ ಸರಿಯುವುದಿಲ್ಲ. ಹೀಗಾಗಿ ಉತ್ತರ ದಕ್ಷಿಣದ ಗೋಡೆಗಳಿಗೆ ಬಿಸಿಲು ಓರೆಯಾಗಿ, ಅಲ್ಪವಾಗಿ ಬೀಳುತ್ತದೆ. ಅಗಲವಾದ ಸೂರು ಅದನ್ನು ತಡೆಯಬಲ್ಲುದು. ಪೂರ್ವ ಪಶ್ಚಿಮದ ಗೋಡೆಗಳಿಗಾದರೋ ಬೆಳಗ್ಗೆ ಸಂಜೆಗಳಲ್ಲಿ ಬಿಸಿಲು ನೇರವಾಗಿ ಹೊಡೆಯುತ್ತದೆ. ಅದಕ್ಕೆ ಸೂರು ಅಡ್ಡಬಾರದು. ಎಲ್ಲಕ್ಕಿಂತ ಹೆಚ್ಚು ಕಾಯುವುದು ಚಾವಣಿ. ಕಾಂಕ್ರೀಟಿನ ಚಾವಣಿಯು ಹಗಲೆಲ್ಲ ಹೀರಿದ ಶಾಖವನ್ನು ಇರುಳಿನಲ್ಲಿ ಕೆಳಗೆ ಮಲಗಿದವನ ಮೇಲೆ ಬಿಡುತ್ತದೆ. ಆದಕಾರಣ ಅಂಥ ಕಟ್ಟಡಗಳಲ್ಲಿ ಎಲ್ಲಕ್ಕಿಂತ ಮೇಲಿನ ಅಂತಸ್ತನ್ನು ಬಿಟ್ಟು ಅದರ ಕೆಳಗಿನದನ್ನು ಕೇಳಿ ಪಡೆಯುವುದು ಜಾಣತನ.

ಪಶ್ಚಿಮ ತೀರದ ವಸತಿಗೃಹಗಳಲ್ಲಿ ‘ಕಡಲು ಕಾಣುವ ಕೋಣೆ’ಗೆ ಹೆಚ್ಚಿನ ಬಾಡಿಗೆ ವಿಧಿಸುವ ಪದ್ಧತಿಯುಂಟು. ಆ ಕೋಣೆಯು ಪಶ್ಚಿಮಾಭಿಮುಖವಾಗಿರುತ್ತದೆ. ಮಧ್ಯಾಹ್ನ ಮೂರರಿಂದ ಸಂಜೆಯವರೆಗೆ ಬಿಸಿಲು ಅದರೊಳಕ್ಕೇ ಬರುತ್ತದೆ. ಹಗಲಿನಲ್ಲಿ ಕಡಲಗಾಳಿಯು ಈ ಕಾವನ್ನು ಬಹುಮಟ್ಟಿಗೆ ಕಳೆಯುತ್ತದೆ, ನಿಜ. ರಾತ್ರಿಯಾದ ಮೇಲೆ ಗಾಳಿ ತಿರುಗಿ ನೆಲದ ಕಡೆಯಿಂದ ಬೀಸತೊಡಗುತ್ತದೆ. ಆಗ ಕಡಲಿಗೆ ಮಾತ್ರ ತೆರೆದ ಕೋಣೆ ಉಬ್ಬೆಗೆ ಇಟ್ಟಂತಾಗುತ್ತದೆ. ಎರಡು ಕಡೆಯೂ ತೆರವಿದ್ದರೆ ಆ ಹೆಚ್ಚಿನ ಬಾಡಿಗೆ ಸಾರ್ಥಕ. ಇಲ್ಲವಾದರೆ ಸೂರ್ಯಾಸ್ತವನ್ನು ಮರಳಿನ ಮೇಲೆ ಕುಳಿತು ನೋಡಬಹುದು, ಅದಕ್ಕೆ ಹಣವಿಲ್ಲ.

ಈ ತತ್ತ್ವಗಳನ್ನು ಯಾರೂ ಹೇಳಿಕೊಡದೆಯೇ ಬಲ್ಲ ಕಟ್ಟಡವೆಂದರೆ ಸಿಂಹಳದ ‘ಅಂಬಲಮ’. ತಮಿಳು ಮಲೆಯಾಳಗಳ ‘ಅಂಬಲಂ’ ಎಂಬ ಮಾತಿಗೂ ಇದಕ್ಕೂ ನಂಟಿದೆ. ಹಳೆಯ ಕಾಲ್ದಾರಿಗಳ ಮಗ್ಗುಲಲ್ಲಿ, ಹೊಲಗಳ ಅಂಚಿನಲ್ಲಿ, ಹೊಳೆ ದಾಟುವ ಎಡೆಗಳಲ್ಲಿ ಊರವರು ಪುಣ್ಯಾರ್ಥವಾಗಿ ಕಟ್ಟಿಸಿದ ಚಿಕ್ಕ ಮಂಟಪವಿದು. ನಾಲ್ಕೂ ಕಡೆ ಗೋಡೆಯಿಲ್ಲ. ಕಂಬಗಳ ಮೇಲೆ ಕಡಿದಾದ ಇಳಿಜಾರಿನ ಹೆಂಚಿನ ಮಾಡು. ಕುರುನೇಗಲ ಜಿಲ್ಲೆಯ ಪನಾವಿಟಿಯ ಎಂಬಲ್ಲಿ ಉಳಿದಿರುವ ಅಂಬಲಮವು ಮರದ ಕೆತ್ತನೆಗೆ ಹೆಸರಾಗಿದೆ. ಅದರ ದಪ್ಪನೆಯ ಅಡಿತೊಲೆಗಳನ್ನು ನೆಲಕ್ಕೆ ತಾಗದಂತೆ ಬಂಡೆಗಲ್ಲುಗಳ ಮೇಲೆ ಇರಿಸಲಾಗಿದೆ. ಗೆದ್ದಲೂ ಮಳೆಯ ನೀರೂ ಮರವನ್ನು ಮುಟ್ಟಲಾರವು. ಆ ತೊಲೆಗಳೇ ದಣಿದವನಿಗೆ ಕೂಡಲು ಆಸನ. ಹಗಲಲ್ಲಿ ನೆರಳು, ಇರುಳಲ್ಲಿ ಮಾಡು, ಎಲ್ಲ ದಿಕ್ಕಿನ ಗಾಳಿ. ಇದಕ್ಕಿಂತ ಹೆಚ್ಚನ್ನು ಅದು ಕೊಡುವುದಿಲ್ಲ. ದಾರಿಯ ಪಕ್ಕದಲ್ಲಿ ಬಾಯಾರಿದವರಿಗಾಗಿ ನೀರಿನ ಮಡಕೆಯನ್ನು ಇರಿಸುವ ವಾಡಿಕೆಯೂ ಇದ್ದಿತು. ಅದನ್ನು ಅಲ್ಲಿ ‘ಪಿನ್ ತಾಲಿಯ’ ಎನ್ನುತ್ತಾರೆ. ‘ಪಿನ್’ ಎಂದರೆ ಪುಣ್ಯ. ನಮ್ಮ ಅರವಟ್ಟಿಗೆಯನ್ನು ಕಂಡವರಿಗೆ ಇದು ಹೊಸದಲ್ಲ. ಉತ್ತರದ ಯಾಳ್ಪಾಣ ಸೀಮೆಯ ತಮಿಳರಲ್ಲಿ ಇದೇ ಧರ್ಮವು ‘ಮಡಂ’ ಎಂಬ ರೂಪವನ್ನು ತಳೆದಿದೆ. ಅಲ್ಲಿ ಮಡದ ಬಳಿ ತಲೆಹೊರೆಯನ್ನು ಇನ್ನೊಬ್ಬರ ನೆರವಿಲ್ಲದೆ ಇಳಿಸಲು ‘ಸುಮೈತಾಂಗಿ’ ಕಲ್ಲು, ಕೆರೆಯ ಬಳಿ ದನಗಳು ಮೈಯುಜ್ಜಿಕೊಳ್ಳಲು ಇನ್ನೊಂದು ಕಲ್ಲು ನಿಲ್ಲಿಸಿರುವುದುಂಟು. ಪರುತ್ತಿತ್ತುರೈ ಪಟ್ಟಣದಲ್ಲಿ ಬೀದಿಯನ್ನೇ ಮೇಲಿನಿಂದ ಮುಚ್ಚಿದಂತೆ ಕಟ್ಟಿದ ಒಂದು ಮಡವಿದ್ದು, ‘ತೆರುಮೂಡಿ ಮಡಂ’ ಎಂಬ ಅದರ ಹೆಸರೇ ಅದರ ರಚನೆಯನ್ನು ಹೇಳುತ್ತದೆ. ಅಲ್ಲಿ ದಾರಿಹೋಕನು ದಾರಿಯನ್ನು ಬಿಟ್ಟು ಪಕ್ಕಕ್ಕೆ ಸರಿಯಬೇಕಾಗಿಯೂ ಇಲ್ಲ.

ಆಂಗ್ಲರು ೧೮೧೫ರಲ್ಲಿ ಕ್ಯಾಂಡಿ ರಾಜ್ಯವನ್ನು ವಶಪಡಿಸಿಕೊಂಡ ಬಳಿಕ ೧೮೨೦ರ ದಶಕದಲ್ಲಿ ಕೊಲಂಬೊದಿಂದ ಕ್ಯಾಂಡಿಗೆ ಗಾಡಿರಸ್ತೆ ಹಾಕಿದರು. ಕಾಲ್ದಾರಿಯ ಜೊತೆಗೆ ಅಂಬಲಮವೂ ಹಿಂದೆ ಸರಿಯಿತು. ಹೊಸ ರಸ್ತೆಗಳ ಉದ್ದಕ್ಕೂ, ಒಂದು ದಿನದಲ್ಲಿ ಎತ್ತಿನ ಗಾಡಿಯೋ ಕುದುರೆಯೋ ಕ್ರಮಿಸಬಹುದಾದ ದೂರಕ್ಕೊಂದರಂತೆ, ಸರ್ಕಾರದ ‘ರೆಸ್ಟ್‌ಹೌಸ್’ಗಳು ಹುಟ್ಟಿಕೊಂಡವು. ಸಿಂಹಳದಲ್ಲಿ ಇದಕ್ಕೆ ‘ತಾನಾಯಮ’ ಎಂದು ಹೆಸರು. ನಮ್ಮಲ್ಲಿ ಟಿ.ಬಿ. ಎಂದು ಎಲ್ಲರ ಬಾಯಲ್ಲಿಯೂ ನಿಂತುಹೋದ ಪ್ರವಾಸಿ ಬಂಗಲೆಯ ಒಡಹುಟ್ಟು ಅದು. ಕ್ಯಾಂಡಿಯ ರಸ್ತೆಯಲ್ಲಿರುವ ಅಂಬೇಪುಸ್ಸದ ತಾನಾಯಮವು ಇವುಗಳಲ್ಲಿ ಅತ್ಯಂತ ಹಳೆಯದೆಂದು ಹೇಳುತ್ತಾರೆ. ಇವುಗಳ ನೆಲೆಗಳನ್ನು ಆರಿಸಿದ ಅಧಿಕಾರಿಗಳ ಕಣ್ಣು ಮೆಚ್ಚತಕ್ಕದ್ದು: ಪೊಲೊನ್ನರುವದಲ್ಲಿ ಪರಾಕ್ರಮ ಸಮುದ್ರವೆಂಬ ಮಹಾ ಕೆರೆಯ ಅಂಚು, ತಿಸ್ಸಮಹಾರಾಮದಲ್ಲಿ ತಿಸ್ಸ ಕೆರೆಯ ದಂಡೆ, ಬೆಲಿಹುಲ್‌ಓಯದಲ್ಲಿ ಹೊಳೆಯ ಮಗ್ಗುಲು, ಎಲ್ಲದಲ್ಲಿ ಬೆಟ್ಟದ ಕಂಡಿಯ ನೇರ ಎದುರು. ನೋಟಕ್ಕಾಗಿ ಮಾತ್ರ ಹೀಗೆ ಮಾಡಿದರೆಂದು ನಾವು ನಂಬಲಾರೆವು. ನೀರಿನ ಮೇಲಿನಿಂದ ಬರುವ ಗಾಳಿ, ಕಣಿವೆಯ ಕಂಡಿಯಿಂದ ಏಳುವ ಗಾಳಿ, ಇವು ವಿದ್ಯುತ್ ಬೀಸಣಿಗೆಯಿಲ್ಲದ ಕಾಲದಲ್ಲಿ ಬಲು ಬೆಲೆಯುಳ್ಳವು. ಉದ್ದನೆಯ ಮೊಗಸಾಲೆ, ಅದರ ಹಿಂದೆ ಸಾಲಾಗಿ ಮೂರು ನಾಲ್ಕು ಕೋಣೆಗಳು, ಎತ್ತರವಾದ ಚಾವಣಿ, ಹಿಂದೆಯೂ ಒಂದು ಬಾಗಿಲು: ಇದು ಅವುಗಳ ಸಾಮಾನ್ಯ ವಿನ್ಯಾಸ. ಈ ಮೊಗಸಾಲೆಗೆ ಸಿಂಹಳರು ‘ಇಸ್ತೋಪ್ಪುವ’ ಎನ್ನುತ್ತಾರೆ. ಅದು ಡಚ್ಚರ ಭಾಷೆಯಿಂದ ಬಂದ ಮಾತು. ಹಳ್ಳಿಯ ಮನೆಯ ಜಗಲಿಗೆ ಮಾತ್ರ ‘ಪಿಲ’ ಎಂಬ ದೇಶೀಯ ಹೆಸರೇ ಉಳಿದಿದೆ.

ತಾನಾಯಮಗಳಲ್ಲಿ ಕೆಲವನ್ನು ಸ್ಥಳೀಯ ಸಂಸ್ಥೆಗಳು ನಡೆಸಿಕೊಂಡು ಬಂದವು, ಕೆಲವು ನಿಗಮಗಳಿಗೆ, ಖಾಸಗಿಯವರಿಗೆ ಸೇರಿ ಹೆಸರನ್ನೂ ರೂಪವನ್ನೂ ಬದಲಿಸಿಕೊಂಡಿವೆ, ಕೆಲವು ಹಾಳುಬಿದ್ದಿವೆ. ಹಳೆಯ ಕೈಪಿಡಿಯ ವಿವರಣೆಯನ್ನು ನಂಬಿ ಹೋಗುವ ಬದಲು ಇಂದಿನ ಸ್ಥಿತಿಯನ್ನು ವಿಚಾರಿಸಿಯೇ ಹೋಗಬೇಕು. ಅಧಿಕಾರಿಗಳಿಗಾಗಿ ಇರುವ ‘ಸರ್ಕ್ಯೂಟ್ ಬಂಗಲೆ’ಗಳು ಬೇರೆ, ಅವು ನಮ್ಮ ಐ.ಬಿ.ಗಳಂತೆ, ಇಲಾಖೆಯ ಅನುಮತಿಯಿಲ್ಲದೆ ದೊರೆಯವು. ವನ್ಯಜೀವಿ ಇಲಾಖೆಯವರು ರಾಷ್ಟ್ರೀಯ ಉದ್ಯಾನಗಳ ಒಳಗೆ ನಡೆಸುವ ಬಂಗಲೆಗಳು ಮುಂಗಡ ಕಾದಿರಿಸಿದ ಸಾರ್ವಜನಿಕರಿಗೂ ಸಿಗುತ್ತವೆ. ಅಲ್ಲಿ ಅಡಿಗೆಯವನಿರುತ್ತಾನೆ, ದಿನಸಿ ಇರುವುದಿಲ್ಲ. ಅಕ್ಕಿ ಬೇಳೆಗಳನ್ನು ನಾವೇ ಒಯ್ಯಬೇಕು.

೧೮೬೭ರಲ್ಲಿ ಕ್ಯಾಂಡಿಗೆ ರೈಲು ಬಂದಿತು. ೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಹಡಗಿನ ಪ್ರಯಾಣಿಕರಿಗಾಗಿ ಕೊಲಂಬೊದಲ್ಲಿ ದೊಡ್ಡ ಹೋಟೆಲುಗಳು ಎದ್ದವು. ಗಾಲೆ ಫೇಸ್ ಹೋಟೆಲು ೧೮೬೪ರಲ್ಲಿಯೇ ಆರಂಭವಾಗಿದ್ದಿತು. ಬಂದರಿನ ಎದುರಿನ ಗ್ರ್ಯಾಂಡ್ ಓರಿಯೆಂಟಲ್ ೧೮೭೫ರದು. ರಷ್ಯದ ಲೇಖಕ ಚೆಖೋವ್ ೧೮೯೦ರಲ್ಲಿ ಈ ಎರಡನೆಯದರಲ್ಲಿ ತಂಗಿದ್ದನು. ಬೆಟ್ಟದ ಮೇಲೆ ಕಾಫಿಯ ತೋಟಗಳು ಎಲೆಯ ರೋಗದಿಂದ ನಾಶವಾಗಿ ಚಹಾ ತೋಟಗಳು ಬಂದಂತೆ ತೋಟದ ಬಂಗಲೆಗಳು ಬೆಳೆದವು. ಇವುಗಳಲ್ಲಿ ಹಲವು ಈಗ ಅತಿಥಿಗೃಹಗಳಾಗಿವೆ. ಕನ್ನಡನಾಡಿಗೆ ಸಂಬಂಧಿಸಿದ ಒಂದು ಅಂಶವನ್ನು ಇಲ್ಲಿ ಹೇಳಬಹುದು: ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ತರುವಾಯ ಮಂಗಳೂರು ಹೆಂಚು ಹಡಗನ್ನೇರಿ ಸಿಲೋನಿಗೂ ಹೋಯಿತು. ಹೆಂಚುಗಳ ಸಂದುಗಳಲ್ಲಿ ಗಾಳಿಯಾಡುವ ಮಾಡು ಕಾಂಕ್ರೀಟಿನಂತೆ ಶಾಖವನ್ನು ಕೂಡಿಟ್ಟುಕೊಳ್ಳುವುದಿಲ್ಲ ಎಂಬುದನ್ನು ಕರಾವಳಿಯ ಕನ್ನಡಿಗರಿಗೆ ಹೇಳಬೇಕಾಗಿಲ್ಲವಷ್ಟೆ.

ಪ್ರವಾಸೋದ್ಯಮವನ್ನು ಸರ್ಕಾರವು ವ್ಯವಸ್ಥಿತವಾಗಿ ಕೈಗೊಂಡದ್ದು ೧೯೬೬ರಲ್ಲಿ ಪ್ರವಾಸಿ ಮಂಡಲಿಯ ಸ್ಥಾಪನೆಯೊಡನೆ. ಆ ಕಾಲದಲ್ಲಿ ಜೆಫ್ರಿ ಬಾವ (೧೯೧೯–೨೦೦೩) ಎಂಬ ವಾಸ್ತುಶಿಲ್ಪಿಯು ಮಹತ್ತ್ವದ ಕೆಲಸವನ್ನು ಮಾಡಿದನು. ಕೊಲಂಬೊದ ಒಂದು ಚಿಕ್ಕ ನಿವೇಶನದಲ್ಲಿ ೧೯೬೦ರ ದಶಕದ ಆರಂಭಕ್ಕೆ ಅವನು ಕಟ್ಟಿದ ಎನಾ ಡಿ ಸಿಲ್ವಾ ಅವರ ಮನೆಯಲ್ಲಿ ಸಿಂಹಳದ ಹಳೆಯ ‘ಮೆದ ಮಿದುಲ’, ಅಂದರೆ ನಮ್ಮ ತೊಟ್ಟಿ ಮನೆಯ ಒಳಅಂಗಳವನ್ನು, ಮತ್ತೆ ಬಳಕೆಗೆ ತಂದನು. ೧೯೬೯ರ ಬೆಂತೋಟ ಬೀಚ್ ಹೋಟೆಲಿನಲ್ಲಿ ಅದೇ ಅಂಗಳ, ಅದೇ ಅಗಲವಾದ ಸೂರು ನೂರಾರು ಅತಿಥಿಗಳಿಗಾಗಿ ಹಿಗ್ಗಿದವು. ೧೯೯೦ರ ದಶಕದ ಕಂಡಲಮ ಹೋಟೆಲು ಬಂಡೆಯ ಮೈಗೆ ಅಂಟಿಕೊಂಡು ಕೆರೆಯತ್ತ ತೆರೆದಿದೆ. ಅದರ ಮೊಗಸಾಲೆಗಳಿಗೆ ಗೋಡೆಯಿಲ್ಲ, ಬಳ್ಳಿಗಳೇ ಪರದೆ. (ಕೋತಿಗಳಿಗೂ ಅಲ್ಲಿ ಅಡ್ಡಿಯಿಲ್ಲ. ಬಾಲ್ಕನಿಯ ಬಾಗಿಲನ್ನು ಹಾಕಿಕೊಳ್ಳದ ಅತಿಥಿಯು ತನ್ನ ಹಣ್ಣುಗಳನ್ನು ಕಳೆದುಕೊಂಡರೆ ದೂರುವಂತಿಲ್ಲ.) ಆದರೆ ಇಂತಹವು ಕೆಲವೇ. ನಗರಗಳಲ್ಲಿ ಈಚಿನ ದಶಕಗಳಲ್ಲಿ ಕಟ್ಟಿದ ಮಧ್ಯಮ ದರ್ಜೆಯ ವಸತಿಗೃಹಗಳಲ್ಲಿ ಹಲವು ಗಾಜಿನ ಪೆಟ್ಟಿಗೆಗಳು. ಕಿಟಕಿಯನ್ನು ತೆರೆಯಲು ಬರುವುದಿಲ್ಲ, ಯಂತ್ರ ನಡೆದರೆ ತಂಪು. ೨೦೨೨ರ ಆರ್ಥಿಕ ದುರವಸ್ಥೆಯಲ್ಲಿ ಇಂಧನವಿಲ್ಲದೆ, ಮಾರ್ಚಿಯ ಕೊನೆಗೆ ದಿನಕ್ಕೆ ೧೩ ಗಂಟೆಗಳ ಕಾಲ ವಿದ್ಯುತ್ತನ್ನು ಕಡಿಯಬೇಕಾಗಿ ಬಂದಿತು. ಸ್ವಂತ ವಿದ್ಯುಜ್ಜನಕಕ್ಕೆ ಎಣ್ಣೆ ಹೊಂದಿಸಲಾರದ ಕಡೆ ಅಂತಹ ಕೋಣೆಯಲ್ಲಿ ಮಲಗುವುದು ಸಾಧ್ಯವೆ? ಮೊಗಸಾಲೆಯುಳ್ಳ ಹಳೆಯ ಮನೆಗಳಲ್ಲಿ ದೀಪ ಹೋಯಿತು, ಗಾಳಿ ಹೋಗಲಿಲ್ಲ. ಹವಾನಿಯಂತ್ರಣವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ವೃದ್ಧರಿಗೂ ರೋಗಿಗಳಿಗೂ ಅದು ಬೇಕಾದೀತು. ಯಂತ್ರ ನಿಂತಾಗಲೂ ವಾಸಯೋಗ್ಯವಾಗಿ ಉಳಿಯುವ ಕೋಣೆಯಲ್ಲಿ ಅದು ಇರಲಿ ಎಂಬುದಷ್ಟೇ ನಮ್ಮ ಮಾತು.

ಗಾಳಿಗೆ ತೆರೆದ ಮನೆ ಸೊಳ್ಳೆಗೂ ತೆರೆದದ್ದೇ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಈ ವಿಷಯದಲ್ಲಿ ಹಳೆಯ ಜ್ಞಾನವೊಂದೇ ಸಾಲದು. ಏಕೆಂದರೆ ರೋಗವೇ ಬದಲಾಗಿದೆ. ೧೯೩೪–೩೫ರಲ್ಲಿ ಮಳೆ ತಪ್ಪಿ, ಹರಿಯುವ ನದಿಗಳು ಮಡುಗಳಾಗಿ ನಿಂತು, ಅವುಗಳಲ್ಲಿ ಅನಾಫಿಲಿಸ್ ಸೊಳ್ಳೆ ಹೆಚ್ಚಿ ಮಲೇರಿಯ ಹಬ್ಬಿದಾಗ ಸುಮಾರು ೮೦,೦೦೦ ಜನ ಸತ್ತರು. ೧೯೬೩ರ ಹೊತ್ತಿಗೆ ರೋಗಿಗಳ ಸಂಖ್ಯೆ ೧೭ಕ್ಕೆ ಇಳಿದಿತ್ತು. ಎಚ್ಚರ ಸಡಿಲಿದೊಡನೆ ಅದೇ ದಶಕದ ಕೊನೆಗೆ ರೋಗ ಮರುಕಳಿಸಿತು. ಕಟ್ಟಕಡೆಗೆ ೨೦೧೬ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶ್ರೀಲಂಕೆಯನ್ನು ಮಲೇರಿಯಮುಕ್ತವೆಂದು ಸಾರಿತು. ಅದರ ಮರುವರ್ಷವೇ, ೨೦೧೭ರಲ್ಲಿ, ೧,೮೦,೦೦೦ಕ್ಕೂ ಮಿಕ್ಕು ಡೆಂಗಿ ಪ್ರಕರಣಗಳು ವರದಿಯಾದವು. ಮಲೇರಿಯದ ಸೊಳ್ಳೆ ಕಚ್ಚುವುದು ಇರುಳಿನಲ್ಲಿ. ಹಳೆಯ ಮಂಚದ ಮೇಲಿನ ಸೊಳ್ಳೆ ಪರದೆ ಅದಕ್ಕೆ ತಕ್ಕ ಉತ್ತರವಾಗಿತ್ತು. ಡೆಂಗಿಯ ಈಡಿಸ್ ಸೊಳ್ಳೆಯಾದರೋ ಹಗಲಿನಲ್ಲಿ, ವಿಶೇಷವಾಗಿ ಬೆಳಗಿನ ಹೊತ್ತು ಮತ್ತು ಸೂರ್ಯಾಸ್ತಕ್ಕೆ ಮುಂಚೆ ಕಚ್ಚುತ್ತದೆ. ಆಗ ಯಾರೂ ಪರದೆಯೊಳಗೆ ಇರುವುದಿಲ್ಲ. ಅದು ಹುಟ್ಟುವುದು ಚರಂಡಿಯ ಕೊಳಕು ನೀರಿನಲ್ಲಿ ಅಲ್ಲ. ಹೂಕುಂಡದ ಅಡಿತಟ್ಟೆ, ಎಸೆದ ಎಳನೀರು ಬುರುಡೆ, ಮಾಡಿನ ದೋಣಿ, ಮುಚ್ಚಳವಿಲ್ಲದ ತೊಟ್ಟಿ ಇವುಗಳಲ್ಲಿ ನಿಂತ ತಿಳಿನೀರಿನಲ್ಲಿ. ಎಂದರೆ, ಅಚ್ಚುಕಟ್ಟಾಗಿ ಕಾಣುವ ತೋಟವುಳ್ಳ ಅತಿಥಿಗೃಹವೇ ಅಪಾಯದ ತಾಣವಾಗಬಹುದು. ಕೋಣೆಯನ್ನು ಒಪ್ಪಿಕೊಳ್ಳುವ ಮೊದಲು ಅಂಗಳವನ್ನು ಒಂದು ಸುತ್ತು ಹಾಕಿ ನೋಡುವುದಕ್ಕೆ ಐದು ನಿಮಿಷ ಸಾಕು. ವಿದ್ಯಾರ್ಥಿಗಳ ತಂಡವನ್ನು ಕರೆದೊಯ್ಯುವ ಅಧ್ಯಾಪಕರು ಇದನ್ನು ತಮ್ಮ ಕರ್ತವ್ಯದ ಭಾಗವೆಂದೇ ಎಣಿಸಬೇಕು. ಕಿಟಕಿಗಳಿಗೆ ಬಲೆ, ಹಗಲಿನಲ್ಲಿಯೂ ಮೈಮುಚ್ಚುವ ಉಡುಪು, ಸೊಳ್ಳೆಯನ್ನು ದೂರವಿಡುವ ಲೇಪನ ಇವು ಜೂನ್–ಜುಲೈಗಳಲ್ಲಿಯೂ ವರ್ಷದ ಕೊನೆಯಲ್ಲಿಯೂ ವಿಶೇಷವಾಗಿ ಅವಶ್ಯಕ. ಜ್ವರ ಬಂದರೆ ಆಸ್ಪಿರಿನ್ ನುಂಗದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಡೆಂಗಿಯಲ್ಲಿ ಆ ಔಷಧವು ರಕ್ತಸ್ರಾವವನ್ನು ಹೆಚ್ಚಿಸಬಹುದು. ಮಳೆಗಾಡಿನ ಇಂಬಳಗಳ ಬಗ್ಗೆ ಮಲೆನಾಡಿನವರಿಗೆ ಉಪದೇಶ ಬೇಕಿಲ್ಲ.

ನೆಲೆಯ ಭದ್ರತೆಯನ್ನು ಕುರಿತು ಎರಡು ಮಾತು. ೨೦೦೪ರ ಡಿಸೆಂಬರ್ ೨೬ರ ಸುನಾಮಿಯಲ್ಲಿ ಆ ದ್ವೀಪದಲ್ಲಿ ೩೦,೦೦೦ಕ್ಕೂ ಹೆಚ್ಚು ಜನ ಮಡಿದರು. ಅನಂತರ ಸರ್ಕಾರವು ದಕ್ಷಿಣ ಪಶ್ಚಿಮ ತೀರಗಳಲ್ಲಿ ೧೦೦ ಮೀಟರು, ಉತ್ತರ ಪೂರ್ವ ತೀರಗಳಲ್ಲಿ ೨೦೦ ಮೀಟರು ಒಳಗೆ ಕಟ್ಟಡ ಕೂಡದೆಂದು ವಿಧಿಸಿತು. ಬಳಿಕ ಆ ನಿಯಮವನ್ನು ಸಡಿಲಿಸಿತು. ಇಂದು ಅಲೆಯ ತುದಿಗೇ ಕೋಣೆಗಳನ್ನು ಕಟ್ಟಿರುವುದು ಕಾಣಬರುತ್ತದೆ. ತೀರದಲ್ಲಿ ತಂಗುವವರು ಎತ್ತರದ ನೆಲಕ್ಕೆ ಹೋಗುವ ದಾರಿ ಯಾವುದೆಂದು ಹಗಲಲ್ಲಿಯೇ ನೋಡಿಟ್ಟುಕೊಳ್ಳಬೇಕ���. ಬೆಟ್ಟದ ಸೀಮೆಯಲ್ಲಿ ಭೂಕುಸಿತದ ಭಯ: ೨೦೧೪ರ ಅಕ್ಟೋಬರಿನಲ್ಲಿ ಕೊಸ್ಲಂದದ ಬಳಿಯ ಮೀರಿಯಬೆದ್ದದಲ್ಲಿಯೂ ೨೦೧೬ರ ಮೇ ತಿಂಗಳಲ್ಲಿ ಅರನಾಯಕದಲ್ಲಿಯೂ ಮನೆಗಳು ಜನರೊಡನೆ ಮಣ್ಣಿನಡಿಯಾದವು. ರಾಷ್ಟ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಮಳೆಯ ಪ್ರಮಾಣವನ್ನು ನೋಡಿಕೊಂಡು ಪ್ರದೇಶವಾರು ಎಚ್ಚರಿಕೆಯನ್ನು ಪ್ರಕಟಿಸುತ್ತಾರೆ. ನೋಟ ಚೆಲುವಾಗಿದೆಯೆಂದು ಕಡಿದಾದ ಇಳಿಜಾರನ್ನು ಹೊಸದಾಗಿ ಕಡಿದು ಕಟ್ಟಿದ ಮನೆಯಲ್ಲಿ ಮಳೆಗಾಲದ ರಾತ್ರಿ ಕಳೆಯುವುದನ್ನು ನಾವು ಯಾರಿಗೂ ಸೂಚಿಸಲಾರೆವು.

ಬೆಟ್ಟದ ಮೇಲೆ ಚಳಿಯ ಲೆಕ್ಕ ಬೇರೆ. ನುವರ ಎಳಿಯ ಪಟ್ಟಣವು ೧,೮೬೮ ಮೀಟರು ಎತ್ತರದಲ್ಲಿದ್ದು ಸರಾಸರಿ ಉಷ್ಣತೆ ಸುಮಾರು ೧೬ ಡಿಗ್ರಿ. ಜನವರಿ–ಫೆಬ್ರವರಿಯ ಕೆಲವು ಮುಂಜಾನೆ ಹುಲ್ಲಿನ ಮೇಲೆ ಹಿಮ ಕಟ್ಟುವುದೂ ಉಂಟು. ಉಷ್ಣದೇಶವೆಂದು ಹತ್ತಿಯ ಬಟ್ಟೆಯನ್ನೇ ಒಯ್ದವರು ಅಲ್ಲಿ ನಡುಗುತ್ತಾರೆ. ಅಲ್ಲಿ ಕೇಳಬೇಕಾದದ್ದು ಬಿಸಿನೀರು, ಕಂಬಳಿ, ಮತ್ತು ಗೋಡೆಗೆ ತೇವ ಹಿಡಿದಿದೆಯೆ ಎಂಬುದು.

ವ್ಯವಹಾರದ ಕೆಲವು ಸಂಗತಿಗಳುಂಟು. ರಸ್ತೆಯ ಬದಿಯಲ್ಲಿ ‘ಹೋಟೆಲ್’ ಎಂಬ ಹಲಗೆ ಕಂಡರೆ ಅದು ಬಹುತೇಕ ಊಟ ತಿಂಡಿಯ ಅಂಗಡಿ, ತಂಗುವ ಮನೆಯಲ್ಲ. ಕನ್ನಡಿಗರು ಇದರಲ್ಲಿ ಮೋಸಹೋಗುವ ಸಂಭವ ಕಡಮೆ, ನಮ್ಮಲ್ಲಿಯೂ ಆ ಮಾತಿಗೆ ಅದೇ ಅರ್ಥವಲ್ಲವೆ? ಪ್ರಕಟಿಸಿದ ಬಾಡಿಗೆಯ ಮೇಲೆ ನೂರಕ್ಕೆ ಹತ್ತರಂತೆ ಸೇವಾಶುಲ್ಕವನ್ನೂ ತೆರಿಗೆಗಳನ್ನೂ ಸೇರಿಸುವುದು ದೊಡ್ಡ ವಸತಿಗೃಹಗಳ ವಾಡಿಕೆ. ಒಟ್ಟು ಮೊತ್ತವನ್ನು ಮೊದಲೇ ಕೇಳಿಕೊಳ್ಳಬೇಕು. ಗೋಡೆಯ ವಿದ್ಯುತ್ ಸಂಪರ್ಕದಲ್ಲಿ ನಮ್ಮಂತೆ ದುಂಡು ಕಡ್ಡಿಯವೂ ಚೌಕ ಕಡ್ಡಿಯವೂ ಎರಡೂ ಇವೆ. ಪ್ರತಿ ಹುಣ್ಣಿಮೆಯೂ ‘ಪೋಯ’ ಎಂಬ ಸಾರ್ವಜನಿಕ ರಜೆ. ಅಂದು ಮದ್ಯ ಮಾಂಸಗಳ ಮಾರಾಟವಿಲ್ಲ, ಯಾತ್ರಾಸ್ಥಳಗಳಲ್ಲಿ ಕೋಣೆಗಳೂ ಇಲ್ಲ. ಏಪ್ರಿಲ್ ನಡುವಿನ ಹೊಸ ವರ್ಷದ ದಿನಗಳಲ್ಲಿ ಕೊಲಂಬೊದ ಶ್ರೀಮಂತರೆಲ್ಲ ನುವರ ಎಳಿಯಕ್ಕೆ ಏರುವುದರಿಂದ ಅಲ್ಲಿ ಬಾಡಿಗೆ ಹಲವು ಮಡಿ ಏರುತ್ತದೆ. ಜುಲೈ–ಆಗಸ್ಟಿನಲ್ಲಿ ಕ್ಯಾಂಡಿಯ ಎಸಳ ಪೆರಹರ ಉತ್ಸವದ ಹೊತ್ತಿಗೂ ಹಾಗೆಯೇ.

ಅನುರಾಧಪುರ, ಕತರಗಾಮಗಳಂತಹ ಕ್ಷೇತ್ರಗಳಲ್ಲಿ ಯಾತ್ರಿಕರ ‘ವಿಶ್ರಾಮ ಶಾಲೆ’ಗಳಿವೆ, ಅಂಬಲಮದ ಧರ್ಮವು ಇಂದಿಗೂ ಜೀವಂತವಾಗಿ ಉಳಿದಿರುವುದು ಇವುಗಳಲ್ಲಿ. ಸೌಕರ್ಯ ಅಲ್ಪ, ನೆಲದ ಮೇಲೆ ಚಾಪೆ, ಸಾಮೂಹಿಕ ಸ್ನಾನಗೃಹ; ಆದರೂ ವಿದ್ಯಾರ್ಥಿಗಳ ದೊಡ್ಡ ತಂಡಕ್ಕೆ ಇವು ಅನುಕೂಲ. ಉತ್ತರ ಮಧ್ಯ ಪ್ರಾಂತದಲ್ಲಿ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕೋಲಾರ ಪಾವಗಡಗಳ ಜನ ಪಡುವ ಕಷ್ಟ ಅಲ್ಲಿಯೂ ಉಂಟು, ಮೂತ್ರಪಿಂಡದ ರೋಗವೊಂದು ೧೯೯೦ರ ದಶಕದಿಂದ ಅಲ್ಲಿಯ ರೈತರನ್ನು ಕಾಡುತ್ತಿದೆ. ಕೆಲವು ದಿನಗಳ ಪ್ರವಾಸಿಗೆ ಅದರ ಭಯವಿಲ್ಲವಾದರೂ ಶೋಧಿಸಿದ ನೀರನ್ನೇ ಕುಡಿಯುವುದು ಒಳ್ಳೆಯದು. ಶ್ರೀಪಾದ ಶಿಖರವು ೨,೨೪೩ ಮೀಟರು ಎತ್ತರವಿದೆ; ಅದರ ದಾರಿಯ ಉದ್ದಕ್ಕೂ ಯಾತ್ರಿಕರು ಕೈಕಾಲು ಚಾಚಲು ಅಂಬಲಮಗಳನ್ನು ಕಟ್ಟಿಸಿದ್ದಾರೆ. ಸೂರ್ಯೋದಯವನ್ನು ಕಾಣಲು ಜನ ಇರುಳೆಲ್ಲ ಏರುತ್ತಾರೆ. ಅಲ್ಲಿಯ ಯಾತ್ರೆಯ ಕಾಲ ಡಿಸೆಂಬರಿನ ಪೋಯದಿಂದ ಮೇ ತಿಂಗಳ ವೈಶಾಖ ಪೋಯದವರೆಗೆ ಮಾತ್ರ. ಆಮೇಲೆ ದಾರಿಯ ದೀಪಗಳು ಉರಿಯುವುದಿಲ್ಲ, ಚಹಾದಂಗಡಿಗಳು ಮುಚ್ಚುತ್ತವೆ, ಮಳೆಗಾಳಿ ಶಿಖರವನ್ನು ಹಿಡಿದುಕೊಳ್ಳುತ್ತದೆ. ಆಗ ಹೋಗುವವರು ಬೆಟ್ಟದ ಬುಡದ ನಲ್ಲತಣ್ಣಿಯಲ್ಲಿಯೇ ಕೋಣೆ ಹಿಡಿದು, ಮಳೆ ಬಿಡುವು ಕೊಡುವ ಮುಂಜಾವಿಗಾಗಿ ಕಾಯಬೇಕಾಗುತ್ತದೆ.